ಚಾಕೊಲೇಟಿಗೆ ಅಂಟಿದ ಹೆಸರು

ನಿಮ್ಮ ಕೈಗೆ ಬಂದಿರುವ ಪುಟ್ಟ ಪೊಟ್ಟಣದಲ್ಲಿ ಎರಡು ತುಂಡುಗಳಿವೆ. ಒಂದು ಕಪ್ಪು, ನೂರಕ್ಕೆ 70 ಭಾಗ ಕೋಕೋ ಇರುವಂಥದ್ದು. ಇನ್ನೊಂದು ಬಿಳಿ. ಈಗಲೇ ಬಾಯಿಗೆ ಹಾಕಿಕೊಳ್ಳಬೇಡಿ, ಮುಷ್ಟಿಯಲ್ಲೂ ಹಿಡಿದುಕೊಳ್ಳಬೇಡಿ. ಅಂಗೈಯ ಬಿಸಿಯೇ ಅದಕ್ಕೆ ಸಾಕು. ಪಕ್ಕಕ್ಕಿಡಿ. ಸರದಿ ಬಂದಾಗ ಹೇಳುತ್ತೇನೆ.

ಫೆಬ್ರವರಿ ಬಂತೆಂದರೆ ಜಯನಗರ 4ನೇ ಬ್ಲಾಕಿನಿಂದ ಕಮರ್ಷಿಯಲ್ ಸ್ಟ್ರೀಟಿನ ತನಕ ಅಂಗಡಿಗಳ ಮುಂದೆ ಕೆಂಪು ಡಬ್ಬಿಗಳು ಪೇರಿಸಿ ನಿಲ್ಲುತ್ತವೆ. ಬೆನ್ನಿಗೇ ಮೊಬೈಲುಗಳಲ್ಲಿ ಸಂದೇಶಗಳು ಓಡಾಡುತ್ತವೆ: ಚಾಕೊಲೇಟಿನಲ್ಲಿ ಪ್ರೇಮದ ರಾಸಾಯನಿಕವಿದೆ, ಮೆಕ್ಸಿಕೋದ ಅಜ್ಟೆಕ್ ರಾಜ ಮೊಕ್ಟೆಜುಮಾ ದಿನಕ್ಕೆ 50 ಬಟ್ಟಲು ಕುಡಿಯುತ್ತಿದ್ದ, ಹೀಗೆ. ನಮ್ಮ ನುಗ್ಗೆಕಾಯಿಗೆ ಕಾಮೋತ್ತೇಜಕ ಎಂಬ ಪಟ್ಟ ಕಟ್ಟಿದ್ದು ಸಿನಿಮಾ. ಚಾಕೊಲೇಟಿಗೆ ಕಟ್ಟಿದವರು ಯಾರು, ಕಟ್ಟಿದ್ದರಲ್ಲಿ ಎಷ್ಟು ನಿಜ, ಇದೇ ಇವತ್ತಿನ ಮಾತು.

ಮೊದಲು ಒಂದು ಗೋಜಲು ಬಿಡಿಸಿಕೊಳ್ಳೋಣ. ಕಾಮೋತ್ತೇಜಕ ಎನ್ನುವಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ಒಂದು ಬಯಕೆ, ಮನಸ್ಸಿಗೆ ಬೇಕೆನಿಸುವುದು. ಇನ್ನೊಂದು ಉದ್ರೇಕ, ಮೈ ಅದಕ್ಕೆ ಓಗೊಡುವುದು. ಇದು ಬಹುಪಾಲು ರಕ್ತ ಹರಿಯುವ ವಿಷಯ. ಒಂದನ್ನು ಮುಟ್ಟುವ ವಸ್ತು ಇನ್ನೊಂದನ್ನು ಮುಟ್ಟಬೇಕೆಂದಿಲ್ಲ. ವಯಾಗ್ರಾ ಎಂದು ಹೆಸರಾದ ಸಿಲ್ಡೆನಫಿಲ್ ಗುಳಿಗೆಯನ್ನೇ ನೋಡಿ. ಅದು ರಕ್ತನಾಳ ಹಿಗ್ಗಲು ನೆರವಾಗುತ್ತದೆ, ಆದರೆ ಇಲ್ಲದ ಬಯಕೆಯನ್ನು ಹುಟ್ಟಿಸುವುದಿಲ್ಲ. ಯಾರಾದರೂ ಚಾಕೊಲೇಟಿನ ಬಗ್ಗೆ ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವುದನ್ನು ಹೆಚ್ಚಿಸುತ್ತದೆ ಅಂತೀರಿ?

ಈಗ 50 ಬಟ್ಟಲಿನ ಕತೆಗೆ ಬರೋಣ. ಸ್ಪೇನಿನ ದಂಡನಾಯಕ ಕೋರ್ಟೆಸನ ಸೈನ್ಯ ಮೆಕ್ಸಿಕೋ ತಲುಪಿದ್ದು 1519ರಲ್ಲಿ. ಆ ದಂಡಿನಲ್ಲಿದ್ದ ಬರ್ನಾಲ್ ದಿಯಾಸ್ ಎಂಬ ಸೈನಿಕ ಹಲವು ದಶಕ ಕಳೆದ ಮೇಲೆ, ಮುಪ್ಪಿನಲ್ಲಿ ಕೂತು ನೆನಪುಗಳನ್ನು ಬರೆದ. ಅದು ಅಚ್ಚಾದದ್ದು 1632ರಲ್ಲಿ. ಮೊಕ್ಟೆಜುಮಾನಿಗೆ ಚಿನ್ನದ ಬಟ್ಟಲುಗಳಲ್ಲಿ ಕಕಾವ್, ಅಂದರೆ ಕೋಕೋ ಪಾನೀಯ ತರುತ್ತಿದ್ದರು, ಹೆಂಗಸರ ಬಳಿ ಹೋಗುವುದಕ್ಕೆ ಅದು ಒಳ್ಳೆಯದು ಎಂದು ಅವರು ಹೇಳುತ್ತಿದ್ದರು ಎನ್ನುತ್ತಾನೆ. ಗಮನಿಸಿ, ಹೇಳುತ್ತಿದ್ದರು. ಅವನು ತಾನೇ ಕಂಡದ್ದೆಂದು ಬರೆದಿರುವುದು ನೊರೆಗಟ್ಟಿದ ಕಕಾವ್ ತುಂಬಿದ 50ಕ್ಕೂ ಹೆಚ್ಚು ದೊಡ್ಡ ಹೂಜಿಗಳು ಬಂದವು, ರಾಜ ಅದರಲ್ಲಿ ಕುಡಿದ ಎಂದಷ್ಟೇ. ಊಟದ ಮನೆಗೆ ಬಂದ 50 ಹೂಜಿ ಬಾಯಿಂದ ಬಾಯಿಗೆ ದಾಟುತ್ತ ಒಬ್ಬನೇ ಕುಡಿದ 50 ಬಟ್ಟಲಾಯಿತು. ಮದುವೆಮನೆಯಲ್ಲಿ 50 ಕೊಳಗ ಪಾಯಸ ಕಂಡವನು ಮದುಮಗನೇ ಅಷ್ಟನ್ನೂ ಉಂಡ ಅಂದ ಹಾಗೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಒಬ್ಬ ವೈದ್ಯನದು. ಸ್ಪೇನಿನ ದೊರೆ 2ನೇ ಫಿಲಿಪ್‌ನ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ 1570ರ ದಶಕದಲ್ಲಿ ಮೆಕ್ಸಿಕೋದ ಗಿಡಮೂಲಿಕೆಗಳ ಅಧ್ಯಯನ ಮಾಡಿದ. ಕಾಮ ಕೆರಳಿಸುತ್ತದೆ ಎಂದು ಅವನು ಬರೆದದ್ದು ಬರಿಯ ಕೋಕೋ ಬಗ್ಗೆ ಅಲ್ಲ, ಮೂರು ಮಸಾಲೆ ಬೆರೆಸಿದ ಪಾನೀಯದ ಬಗ್ಗೆ. ಒಂದು ವೆನಿಲ್ಲಾ. ಇನ್ನೊಂದು ನಮ್ಮ ಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಗಿಡ. ಮೂರನೆಯದು ಸೀತಾಫಲದ ಕುಟುಂಬದ ಒಂದು ಹೂವಿನ ಒಣಗಿದ ಎಸಳು. ಅಂದಿನ ಯೂರೋಪಿನ ವೈದ್ಯದಲ್ಲಿ ಪ್ರತಿ ಪದಾರ್ಥಕ್ಕೂ ಉಷ್ಣ ಅಥವಾ ಶೀತ ಗುಣ ಇತ್ತು. ಪಪ್ಪಾಯಿ ಉಷ್ಣ, ಎಳನೀರು ತಂಪು ಎಂದು ನಮ್ಮ ಅಡುಗೆಮನೆಗಳಲ್ಲಿ ಇವತ್ತಿಗೂ ಆಡುವ ಮಾತೇ. ಆ ಲೆಕ್ಕದಲ್ಲಿ ಕೋಕೋ ಶೀತ, ಮಸಾಲೆಗಳು ಉಷ್ಣ. ಕಾಮ ಉಷ್ಣದ ಸಂಗತಿ. ಹಾಗಾಗಿ ಹೆಸರು ಸಲ್ಲಬೇಕಾದದ್ದು ಮಸಾಲೆಗೆ. ಮುಂದೆ ಸಕ್ಕರೆ ಬಂತು, ಹಾಲು ಬಂತು, ಮಸಾಲೆ ಉದುರಿಹೋಯಿತು. ಹೆಸರು ಮಾತ್ರ ಕೋಕೋಗೇ ಅಂಟಿಕೊಂಡಿತು.

ಸ್ಪೇನಿನವರು ಬರುವ ಮೊದಲು ಅಲ್ಲಿನ ಜನಕ್ಕೆ ಅದು ಏನಾಗಿತ್ತು? ಮೆಕ್ಸಿಕೋದ ಮಿಶ್ಟೆಕ್ ಜನರ ಒಂದು ಚಿತ್ರಗ್ರಂಥದಲ್ಲಿ ರಾಜವಿವಾಹದ ಚಿತ್ರವಿದೆ. ವಧು ವರನಿಗೆ ನೊರೆ ತುಂಬಿದ ಕಕಾವ್ ಬಟ್ಟಲು ಕೊಡುತ್ತಿದ್ದಾಳೆ. ಅದನ್ನು ನೋಡಿದಾಗ ಕನ್ನಡಿಗರಿಗೆ ಹೊಳೆಯಬೇಕಾದದ್ದು ಔಷಧಿಯಲ್ಲ, ತಾಂಬೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ತಾಂಬೂಲವೂ ರಾಜನ ಭೋಗಗಳಲ್ಲಿ ಒಂದು. ನಿಶ್ಚಿತಾರ್ಥಕ್ಕೆ ವೀಳ್ಯ ಬೇಕು, ಊಟದ ಕೊನೆಗೆ ವೀಳ್ಯ ಬೇಕು, ಗಂಡಹೆಂಡಿರ ಏಕಾಂತಕ್ಕೂ ವೀಳ್ಯ ಬೇಕು. ತಾಂಬೂಲದಲ್ಲಿ ಯಾವ ಅಣು ಪ್ರೇಮ ಹುಟ್ಟಿಸುತ್ತದೆ ಎಂದು ಯಾರೂ ಹುಡುಕಲಿಲ್ಲ. ಅದು ಕೊಡುವ ಕೈ ಮತ್ತು ತೆಗೆದುಕೊಳ್ಳುವ ಕೈ ನಡುವಿನ ಒಪ್ಪಂದ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಮಾತು ಸೇರಿಸಿಬಿಡುತ್ತೇನೆ: ಪುತ್ತೂರು, ಸುಳ್ಯ, ವಿಟ್ಲದ ಕಡೆ ಕೋಕೋ ಬೆಳೆಯುವುದು ಅಡಿಕೆ ಮರಗಳ ನೆರಳಿನಲ್ಲೇ. ಎರಡು ಖಂಡಗಳ ತಾಂಬೂಲ ಒಂದೇ ತೋಟದಲ್ಲಿ ನಿಂತಿವೆ.

ಇನ್ನು ರಸಾಯನಶಾಸ್ತ್ರ. ಅತಿ ಹೆಚ್ಚು ಓಡಾಡುವ ಹೆಸರು ಫಿನೈಲ್‌ಇಥೈಲಮೈನ್. ಪ್ರೇಮದಲ್ಲಿ ಬಿದ್ದವರ ಮೆದುಳಿನಲ್ಲಿ ಇದು ಏರುತ್ತದೆ ಎಂಬ ಊಹೆ 1980ರ ದಶಕದ ಆರಂಭದಲ್ಲಿ ಹರಡಿತು. ಇದು ಚಾಕೊಲೇಟಿನಲ್ಲಿ ಇರುವುದು ನಿಜ. ಆದರೆ 100 ಗ್ರಾಂನ ಇಡೀ ಬಾರ್ ತಿಂದರೂ 1 ಮಿಲಿಗ್ರಾಂ ತುಂಬುವುದಿಲ್ಲ. ತಿಂದದ್ದಾದರೂ ಮೆದುಳು ಸೇರುತ್ತದೆಯೇ? ಕರುಳಿನಲ್ಲಿ ಮತ್ತು ಯಕೃತ್ತಿನಲ್ಲಿ ಎಂಎಒ-ಬಿ ಎಂಬ ಕಿಣ್ವ ಕಾವಲು ಕೂತಿದೆ. ರಕ್ತಕ್ಕೆ ನುಸುಳಿದ್ದು ಕೂಡ 5ರಿಂದ 10 ನಿಮಿಷದಲ್ಲಿ ಅರ್ಧ ಆಗಿಹೋಗುತ್ತದೆ. ಹಳೆಯ ಚೀಸ್, ಹುದುಗಿಸಿದ ಸಾಸೇಜುಗಳಲ್ಲೂ ಇದೇ ವಸ್ತುವಿದೆ. ಪ್ರೇಮಿಗಳ ದಿನಕ್ಕೆ ಯಾರೂ ಸಾಸೇಜು ಕೊಡುವುದಿಲ್ಲ.

ಎರಡನೆಯ ಹೆಸರು ನಮಗೆ ಹತ್ತಿರದ್ದು: ಆನಂದಮೈಡ್. 1992ರಲ್ಲಿ ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶೂಲಂ ಅವರ ಪ್ರಯೋಗಾಲಯ ಮೆದುಳಿನಲ್ಲಿ ಇದನ್ನು ಗುರುತಿಸಿ, ನಮ್ಮ ಆನಂದ ಶಬ್ದದಿಂದಲೇ ಹೆಸರಿಟ್ಟಿತು. ಗಾಂಜಾದ ಮುಖ್ಯ ಅಂಶ ಮೆದುಳಿನ ಯಾವ ಬೀಗಕ್ಕೆ ಕೂರುತ್ತದೋ ಆ ಬೀಗಕ್ಕೆ ನಮ್ಮ ಮೈಯೇ ಮಾಡಿಕೊಳ್ಳುವ ಕೀಲಿ ಇದು. 1996ರಲ್ಲಿ ಚಾಕೊಲೇಟಿನಲ್ಲೂ ಇದು ಮತ್ತು ಇದರ ದಾಯಾದಿ ಅಣುಗಳು ಇವೆ ಎಂದು ಸಂಶೋಧಕರು ವರದಿ ಮಾಡಿದರು. ಪತ್ರಿಕೆಗಳು ಹಬ್ಬ ಮಾಡಿದವು. ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ಮೇಲಾಗಿ ಕರುಳಿನಲ್ಲೇ ಬಹುಪಾಲು ಒಡೆದುಹೋಗುತ್ತದೆ. ಮೈಗೆ ಗೊತ್ತಾಗಬೇಕಾದರೆ ಕಿಲೋಗಟ್ಟಲೆ ತಿನ್ನಬೇಕು, ಅಷ್ಟರಲ್ಲಿ ಹೊಟ್ಟೆ ಕೆಟ್ಟಿರುತ್ತದೆ.

ನಿಜವಾಗಿ ಕೆಲಸ ಮಾಡುವ ಪ್ರಮಾಣದಲ್ಲಿ ಇರುವುದು ಕೆಫೀನಿನ ದಾಯಾದಿ ಥಿಯೋಬ್ರೋಮಿನ್ ಮತ್ತು ಕೆಫೀನ್. 70ರಿಂದ 85 ಪ್ರತಿಶತದ ಚಾಕೊಲೇಟ್ 50 ಗ್ರಾಂ ತಿಂದರೆ ಸುಮಾರು 400 ಮಿಲಿಗ್ರಾಂ ಥಿಯೋಬ್ರೋಮಿನ್, 40 ಮಿಲಿಗ್ರಾಂ ಕೆಫೀನ್ ಒಳಗೆ ಹೋಗುತ್ತದೆ. 2004ರ ಒಂದು ಪ್ರಯೋಗದಲ್ಲಿ 250 ಮಿಲಿಗ್ರಾಂ ಥಿಯೋಬ್ರೋಮಿನ್ ಮತ್ತು 19 ಮಿಲಿಗ್ರಾಂ ಕೆಫೀನ್ ಸೇರಿಸಿ ಕೊಟ್ಟಾಗ ಜನರಲ್ಲಿ ಚುರುಕು ಏರಿತು. ಆದರೆ ಅದು ಚುರುಕು, ಕಾಮವಲ್ಲ. ಬೆಳಗಿನ ಫಿಲ್ಟರ್ ಕಾಫಿ ಕೊಡುವ ಲವಲವಿಕೆಯ ಚಿಕ್ಕ ತಂಗಿ ಅನ್ನಿ. ಥಿಯೋಬ್ರೋಮಿನ್ ಅರ್ಧಕ್ಕೆ ಇಳಿಯಲು 7ರಿಂದ 12 ಗಂಟೆ ಬೇಕು. ಕೆಫೀನು ಬೇಗ ನಾಟುವವರು ರಾತ್ರಿ 10ಕ್ಕೆ ಅರ್ಧ ಬಾರ್ ಮುಗಿಸಿದರೆ ಸಿಗುವುದು ಪ್ರಣಯವಲ್ಲ, ನಿದ್ದೆಗೇಡು. ಭಾರೀ ಊಟದ ಮೇಲೆ ತಿಂದರೆ ಎದೆಯುರಿಯೂ ಬರಬಹುದು. ಅನ್ನನಾಳದ ಕೆಳಗಿನ ಬಿಗಿ ಸ್ನಾಯುವನ್ನು ಚಾಕೊಲೇಟ್ ಸಡಿಲಿಸುತ್ತದೆ.

ಈಗ ತುಂಡುಗಳ ಸರದಿ. 1994ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ವಿಲಾ ಮಿಚನರ್ ಪ್ರಕಟಿಸಿದ ಪ್ರಯೋಗ ಸರಳ, ಸೊಗಸು. ಚಾಕೊಲೇಟ್ ಬೇಕೇಬೇಕು ಎಂದು ಹಂಬಲಿಸುವವರಿಗೆ ಆ ಹಂಬಲ ಹುಟ್ಟಿದ ಗಳಿಗೆಯಲ್ಲಿ ಬೇರೆಬೇರೆ ಪೊಟ್ಟಣ ಕೊಟ್ಟರು. ಒಂದರಲ್ಲಿ ಹಾಲಿನ ಚಾಕೊಲೇಟ್. ಒಂದರಲ್ಲಿ ಬಿಳಿಯದು, ಅದರಲ್ಲಿ ಕೋಕೋ ಬೆಣ್ಣೆ ಇರುತ್ತದೆ, ಕೋಕೋದ ಕಪ್ಪು ಪುಡಿ ಇರುವುದಿಲ್ಲ. ಒಂದರಲ್ಲಿ ಕೋಕೋ ಪುಡಿ ತುಂಬಿದ ಕ್ಯಾಪ್ಸೂಲು, ಅಂದರೆ ಮೇಲೆ ಹೇಳಿದ ರಾಸಾಯನಿಕಗಳೆಲ್ಲ ಇವೆ, ರುಚಿ ಇಲ್ಲ. ಒಂದರಲ್ಲಿ ಏನೂ ಇಲ್ಲದ ಕ್ಯಾಪ್ಸೂಲು. ಹಾಲಿನ ಚಾಕೊಲೇಟ್ ಹಂಬಲ ತಣಿಸಿತು. ಬಿಳಿಯದು ಅರೆಬರೆ ತಣಿಸಿತು. ಕೋಕೋ ಕ್ಯಾಪ್ಸೂಲು ಖಾಲಿ ಕ್ಯಾಪ್ಸೂಲಿಗಿಂತ ಹೆಚ್ಚೇನೂ ಮಾಡಲಿಲ್ಲ. ಗುಣವಿರುವುದು ರಕ್ತಕ್ಕೆ ಸೇರುವ ಅಣುವಿನಲ್ಲಾಗಿದ್ದರೆ ಕ್ಯಾಪ್ಸೂಲು ಗೆಲ್ಲಬೇಕಿತ್ತು. ಅದು ಸೋತಿತು. ಕೆಲಸ ನಡೆಯುವುದು ಬಾಯಿಯಲ್ಲಿ.

ಮೊದಲು ಬಿಳಿ ತುಂಡು. ಕಡಿಯಬೇಡಿ. ನಾಲಿಗೆಯ ನಡುವೆ ಇಟ್ಟು ಅಂಗುಳಕ್ಕೆ ಮೆಲ್ಲಗೆ ಒತ್ತಿ. ಕರಗಿದ ಮೇಲೆ ಒಂದು ಗುಟುಕು ಬೆಚ್ಚನೆಯ ನೀರು ಕುಡಿಯಿರಿ. ತಣ್ಣೀರಾದರೆ ಬೆಣ್ಣೆಯಂಶ ಬಾಯಲ್ಲೇ ಗಟ್ಟಿಯಾಗುತ್ತದೆ. ಈಗ ಕಪ್ಪು. ಮುರಿಯಿರಿ, ಟಕ್ ಎನ್ನಬೇಕು. ಮೂಸಿ. ನಾಲಿಗೆ ಮೇಲಿಟ್ಟು ಅರ್ಧ ನಿಮಿಷ ಕಾಯಿರಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಹೊರಬಿಡಿ. ಪರಿಮಳ ಹಿಂದಿನಿಂದ ಏರುತ್ತದೆ.

ಈ ಕರಗುವಿಕೆಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಚಾಕೊಲೇಟಿನ ಹೆಸರು ನಿಂತಿರುವುದೇ ಇಲ್ಲಿ. ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಅದರಲ್ಲಿ ಐದನೆಯದೇ ನಮಗೆ ಬೇಕಾದ್ದು: ಹೊಳಪು, ಟಕ್ ಎನ್ನುವ ಬಿರುಸು, ಮತ್ತು ಸುಮಾರು 33–34 ಡಿಗ್ರಿಗೆ ಕರಗುವ ಗುಣ. ನಮ್ಮ ಬಾಯಿಯ ಬಿಸಿ 36–37. ಅಂದರೆ ಕೋಣೆಯಲ್ಲಿ ಕಲ್ಲಿನಂತೆ ನಿಂತದ್ದು ಮೈಯ ಬಿಸಿ ಸೋಕಿದೊಡನೆ ಸೋಲುತ್ತದೆ, ಸೋಲುವಾಗ ನಾಲಿಗೆಯ ಶಾಖ ಹೀರಿಕೊಂಡು ತುಸು ತಂಪೆನಿಸುತ್ತದೆ. ಒಳಗಿನ ಕಣಗಳನ್ನು 20 ಮೈಕ್ರಾನ್ ಆಸುಪಾಸಿಗೆ ಅರೆದಿರುತ್ತಾರೆ. 30 ದಾಟಿದರೆ ನಾಲಿಗೆಗೆ ಮರಳು ಮರಳು. ಮೈಯ ಬಿಸಿಗೆ ಇಷ್ಟು ಹತ್ತಿರದಲ್ಲಿ, ಇಷ್ಟು ಚೊಕ್ಕವಾಗಿ ಕರಗುವ ತಿನಿಸು ಅಡುಗೆಮನೆಯಲ್ಲಿ ಮತ್ತೊಂದು ಸಿಗುವುದು ಕಷ್ಟ. ಅದನ್ನು ಆತುರವಿಲ್ಲದೆ, ಎದುರಿಗೆ ಬೇಕಾದವರು ಕೂತಿರುವಾಗ ತಿಂದರೆ ಮೈಗೆ ಗಮನ ಬರುತ್ತದೆ. ಇದನ್ನು ಅಲ್ಪ ಎಂದು ತಳ್ಳಬೇಡಿ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೇ ಅಧ್ಯಾಯ ಇಡೀ ವಾಜೀಕರಣದ್ದು, ಅಂದರೆ ಕಾಮಶಕ್ತಿ ಹೆಚ್ಚಿಸುವ ಉಪಾಯಗಳದ್ದು. ಉದ್ದು, ಹಾಲು, ತುಪ್ಪದ ಯೋಗಗಳನ್ನು ಹೇಳುವ ಮೊದಲೇ ಅದು ವಾಜೀಕರಣಗಳಲ್ಲಿ ಅಗ್ರವಾದದ್ದು ಹರ್ಷ ತರುವ ಹೆಣ್ಣು ಎನ್ನುತ್ತದೆ. ಗಂಡಸಿನ ಕಣ್ಣಿನಿಂದ ಬರೆದ ಮಾತು, ಇಬ್ಬರಿಗೂ ಅನ್ವಯಿಸಿ ಓದಿಕೊಳ್ಳೋಣ. ಗುಳಿಗೆಗಿಂತ ಮೊದಲು ಮನುಷ್ಯರನ್ನು ಇಟ್ಟದ್ದು ದೊಡ್ಡ ವಿವೇಕ.

ಅಂಗಡಿಯಲ್ಲಿ ಸಿಗುವ ಅಗ್ಗದ ಹೃದಯದಾಕಾರದ ತುಂಡುಗಳು ಹೀಗೆ ಕರಗುವುದಿಲ್ಲ, ಬಾಯಲ್ಲಿ ಮೇಣದ ಪದರ ಬಿಡುತ್ತವೆ. ಅದು ಕಾಂಪೌಂಡ್, ಕೋಕೋ ಬೆಣ್ಣೆ ತೆಗೆದು ಬೇರೆ ಸಸ್ಯ ಕೊಬ್ಬು ಹಾಕಿದ್ದು. ಹೊದಿಕೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದಿದ್ದರೆ ಅದು ಬೇರೆಯೇ ಪದಾರ್ಥ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ರಕ್ತನಾಳಕ್ಕೆ ಒಳ್ಳೆಯದು ಅಂತಾರಲ್ಲ, ಹಾಗಾದರೆ ಉದ್ರೇಕಕ್ಕೂ ಒಳ್ಳೆಯದಲ್ಲವೇ? ಒಳ್ಳೆಯ ಪ್ರಶ್ನೆ, ಎಳೆಯೂ ಸರಿಯಾಗಿದೆ. ಕೋಕೋದಲ್ಲಿರುವ ಫ್ಲಾವನಾಲ್ ಎಂಬ ಸಸ್ಯಾಂಶ‌ಗಳು ರಕ್ತನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಬಿಡಲು ನೆರವಾಗುತ್ತವೆ, ನಾಳ ಹಿಗ್ಗುತ್ತದೆ. ಉದ್ರೇಕಕ್ಕೆ ಬೇಕಾದದ್ದೂ ಅದೇ ಅನಿಲ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲಾವನಾಲ್ ರಕ್ತನಾಳಗಳ ಸ್ಥಿತಿಸ್ಥಾಪಕತ್ವಕ್ಕೆ ಸಹಕಾರಿ ಎಂಬ ಮಾತನ್ನು ಒಪ್ಪಿತು. ಅಷ್ಟು ನಿಜ. ಅಲ್ಲಿಂದ ಮಂಚದ ತನಕ ಜಿಗಿಯುವಾಗ ಕಾಲು ತಪ್ಪುತ್ತದೆ.

ಮೊದಲ ತೊಡಕು, ಫ್ಲಾವನಾಲ್ ಕಹಿ ಮತ್ತು ಒಗರು. ಅದನ್ನು ಕಳೆಯುವುದೇ ಚಾಕೊಲೇಟ್ ಮಾಡುವವರ ಕಸುಬು. ಕಾಯಿ ಒಡೆದು, ಲೋಳೆ ಸಮೇತ ಬೀಜವನ್ನು 5–6 ದಿನ ಹುದುಗಿಸುತ್ತಾರೆ. ರಾಶಿಯ ಬಿಸಿ 45–50 ಡಿಗ್ರಿಗೆ ಏರುತ್ತದೆ. ಹುದುಗಿಸದಿದ್ದರೆ ಚಾಕೊಲೇಟಿನ ಪರಿಮಳವೇ ಹುಟ್ಟುವುದಿಲ್ಲ, ಹುದುಗಿಸಿದರೆ ಫ್ಲಾವನಾಲ್ ಇಳಿಯುತ್ತದೆ. ಹುರಿದಾಗ ಇನ್ನಷ್ಟು. ಮೇಲೆ ಕ್ಷಾರ ಹಾಕಿ ಬಣ್ಣ ಗಾಢ ಮಾಡಿದರಂತೂ ಮುಗಿಯಿತು: ಅಳತೆ ಮಾಡಿದಾಗ ಸಹಜ ಕೋಕೋ ಪುಡಿಯಲ್ಲಿ ಗ್ರಾಂಗೆ ಸುಮಾರು 35 ಮಿಲಿಗ್ರಾಂ ಇದ್ದದ್ದು ತೀವ್ರವಾಗಿ ಕ್ಷಾರ ಹಾಕಿದ್ದರಲ್ಲಿ 4ಕ್ಕೆ ಇಳಿದಿತ್ತು. ಹೊದಿಕೆಯ ಮೇಲೆ ಆಲ್ಕಲೈಸ್ಡ್ ಎಂದೋ, ಆಮ್ಲ ನಿಯಂತ್ರಕ 500 ಅಥವಾ 501 ಎಂದೋ ಇದ್ದರೆ ಇದೇ ಅರ್ಥ. ಕೇಕಿಗೆ ಅದು ಚೆನ್ನ. ರಕ್ತನಾಳದ ಆಸೆಯಿಂದ ಕೊಳ್ಳುವವರಿಗೆ ಬೇಡ. ಶೇಕಡಾವಾರು ಹೆಚ್ಚಿದ್ದಷ್ಟೂ ಫ್ಲಾವನಾಲ್ ಹೆಚ್ಚು ಎಂಬ ಖಾತ್ರಿಯೂ ಇಲ್ಲ. ಆ ಅಂಕಿ ಒಟ್ಟು ಕೋಕೋ ಎಷ್ಟು ಎನ್ನುತ್ತದೆಯೇ ಹೊರತು ಅದನ್ನು ಹೇಗೆ ಹದ ಮಾಡಿದರು ಎಂದು ಹೇಳುವುದಿಲ್ಲ.

ಎರಡನೆಯದಾಗಿ, ನೇರ ಸಾಕ್ಷಿ ಏನು ಹೇಳುತ್ತದೆ? 2006ರಲ್ಲಿ ಉತ್ತರ ಇಟಲಿಯ 163 ಮಹಿಳೆಯರ ಅಧ್ಯಯನ ಬಂತು. ದಿನವೂ ಚಾಕೊಲೇಟ್ ತಿನ್ನುವವರ ಲೈಂಗಿಕ ಆರೋಗ್ಯದ ಅಂಕ ಹೆಚ್ಚಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಅಷ್ಟನ್ನೇ ಹಿಡಿದುಕೊಂಡವು. ಆದರೆ ಚಾಕೊಲೇಟ್ ತಿನ್ನುವವರ ಸರಾಸರಿ ವಯಸ್ಸು ಸುಮಾರು 35, ತಿನ್ನದವರದು ಸುಮಾರು 40. ವಯಸ್ಸಿನ ಲೆಕ್ಕ ಸರಿಪಡಿಸಿದ ಕೂಡಲೇ ವ್ಯತ್ಯಾಸ ಕರಗಿಹೋಯಿತು. ಇದು ಅದೇ ಪ್ರಬಂಧದಲ್ಲಿ ಇದೆ, ಓದಿದವರು ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1989ರಲ್ಲೇ, ಚೀಟಿಯಿಲ್ಲದೆ ಮಾರುವ ಯಾವ ಕಾಮೋತ್ತೇಜಕವನ್ನೂ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪಲಾಗದು ಎಂದು ನಿಯಮ ಮಾಡಿತು. ನಮ್ಮಲ್ಲಿ 1954ರ ಕಾಯ್ದೆ ಲೈಂಗಿಕ ಸಾಮರ್ಥ್ಯ ಹೆಚ್ಚಿಸುವ ಔಷಧಿಗಳ ಜಾಹೀರಾತನ್ನೇ ನಿಷೇಧಿಸಿದೆ.

ಇಲ್ಲಿ ಗಂಭೀರವಾದ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಗಂಡಸರ ಶಕ್ತಿಗೆ ಎಂದು ಮಾರುವ ಚಾಕೊಲೇಟುಗಳಿವೆ. ಒಂದು ತುಂಡಿಗೇ, ಒಂದು ಗಂಟೆಯೊಳಗೇ ಗುಣ ಕಂಡರೆ ಅದು ಕೋಕೋದ ಗುಣ ಅಲ್ಲವೇ ಅಲ್ಲ. ಇಂಥ ಚಾಕೊಲೇಟುಗಳಲ್ಲಿ ಹೊದಿಕೆಯ ಮೇಲೆ ಹೇಳದ ಸಿಲ್ಡೆನಫಿಲ್, ಅದೇ ಬಗೆಯ ಟಡಾಲಫಿಲ್ ಬೆರೆಸಿರುವುದನ್ನು ಅಮೆರಿಕದ ಅದೇ ಆಡಳಿತ ಮತ್ತೆ ಮತ್ತೆ ಪತ್ತೆ ಮಾಡಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಗುಳಿಗೆ ಬಳಸುವವರು ಇದನ್ನು ತಿಂದರೆ ರಕ್ತದೊತ್ತಡ ಜೀವಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ತಿಂದು ಎದೆನೋವು ಬಂದರೆ ನಾಚಿಕೆ ಬದಿಗಿಟ್ಟು ತುರ್ತು ಚಿಕಿತ್ಸೆಯ ವೈದ್ಯರಿಗೆ ಹೇಳಿ. ಸಿಲ್ಡೆನಫಿಲ್ ಆದರೆ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ, ಅವರಿಗೆ ಆ ಲೆಕ್ಕ ಬೇಕು.

ತೊಂದರೆ ನಿಜವಾಗಿಯೂ ಇದ್ದು ಮೂರು ತಿಂಗಳು ದಾಟಿದ್ದರೆ ಚಾಕೊಲೇಟಿನ ಹಿಂದೆ ಹೋಗಬೇಡಿ. ಜನನಾಂಗದ ರಕ್ತನಾಳದ ಅಗಲ 1–2 ಮಿಲಿಮೀಟರ್, ಹೃದಯದ್ದು 3–4. ನಾಳಗಳು ಕಟ್ಟಿಕೊಳ್ಳತೊಡಗಿದಾಗ ಸಣ್ಣ ನಾಳವೇ ಮೊದಲು ದೂರುವುದು. ಎಷ್ಟೋ ಸಲ ಅದು ಹೃದಯ ಕೆಲವು ವರ್ಷ ಮೊದಲೇ ಕಳಿಸಿದ ಓಲೆ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಬೆಳಗಿನ ಹೊತ್ತಿನ ಟೆಸ್ಟೋಸ್ಟಿರಾನ್ ನೋಡಿಸಿ. ಹೆಂಗಸರಲ್ಲಿ ಥೈರಾಯಿಡ್, ಬಾಣಂತನದ ನಂತರದ ದಣಿವು, ಖಿನ್ನತೆಯ ಕೆಲವು ಗುಳಿಗೆಗಳು ಬಯಕೆಯನ್ನು ಕುಗ್ಗಿಸುತ್ತವೆ. ಕೇಳಲು ಸಂಕೋಚ ಬೇಡ, ಗುಳಿಗೆಯನ್ನು ತಾವೇ ನಿಲ್ಲಿಸುವುದೂ ಬೇಡ.

ಕೊನೆಯದಾಗಿ ಬೆಂಗಳೂರಿನ ಹವೆಯ ಮಾತು. ಫೆಬ್ರವರಿಯ ಮಧ್ಯಾಹ್ನ 30 ಡಿಗ್ರಿ, ಏಪ್ರಿಲಿನಲ್ಲಿ 34 ದಾಟುವುದುಂಟು. ಸ್ಕೂಟರಿನ ಡಿಕ್ಕಿಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಕರಗಿ, ರಾತ್ರಿ ತಾನಾಗಿ ಗಟ್ಟಿಯಾದ ಬಾರ್ ಬೂದಿ ಬಳಿದಂತೆ ಕಾಣುತ್ತದೆ, ಐದನೇ ಬಗೆಯ ಹರಳು ಮುರಿದುಹೋಗಿದೆ. ಬೆರಳಿನಿಂದ ಉಜ್ಜಿ ನೋಡಿ: ಬಿಳುಪು ಕರಗಿ ಮಾಯವಾದರೆ ಅದು ಕೊಬ್ಬು, ಒರಟಾಗಿ ಉಳಿದರೆ ಸಕ್ಕರೆ. ಸಕ್ಕರೆ ಮೇಲೆ ಬರುವುದು ಫ್ರಿಜ್ಜಿನಿಂದ ತೆಗೆದೊಡನೆ ಬಿಚ್ಚಿದಾಗ; ಗಾಳಿಯ ತೇವ ತಣ್ಣನೆ ಮೈಮೇಲೆ ಕೂತು ಸಕ್ಕರೆ ಕರಗಿಸಿ ಆರುತ್ತದೆ. 16–18 ಡಿಗ್ರಿ ಆದರ್ಶ. ಫ್ರಿಜ್ಜೇ ಗತಿಯಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲವಾದರೆ ನಿನ್ನೆಯ ಹುಳಿಯ ವಾಸನೆ ಹೀರಿಕೊಳ್ಳುತ್ತದೆ. ತೆಗೆದ ಮೇಲೆ ಒಂದು ಗಂಟೆ ಡಬ್ಬಿ ಮುಚ್ಚಿಯೇ ಹೊರಗಿಡಿ. ಬೂದು ಹಿಡಿದದ್ದು ಕೆಟ್ಟಿಲ್ಲ, ಅದನ್ನು ಕುಡಿಯಿರಿ.

ಇಬ್ಬರಿಗೆ 50 ಗ್ರಾಂ ಕಪ್ಪು ಚಾಕೊಲೇಟ್ ಸಣ್ಣಗೆ ಹೆಚ್ಚಿ. 250 ಮಿಲಿಲೀಟರ್ ನೀರಿಗೆ ಕುಟ್ಟಿದ ನಾಲ್ಕು ಕಾಳುಮೆಣಸು, ಕಾಲು ವೆನಿಲ್ಲಾ ಕೋಡು ಹಾಕಿ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ಸೋಸಿ. ಒಂದೆರಡು ಚಮಚ ನೀರನ್ನು ಚಾಕೊಲೇಟಿಗೆ ಹಾಕಿದರೆ ಅದು ಮುದ್ದೆಗಟ್ಟಿ ಹೆದರಿಸುತ್ತದೆ. ಉಳಿದ ಬಿಸಿನೀರು ಸುರಿಯುತ್ತ ಹೋದರೆ ತಾನೇ ಸಡಿಲವಾಗುತ್ತದೆ. ಬೆಲ್ಲ ಬೇಕಿದ್ದರೆ ಇಳಿಸಿದ ಮೇಲೆ. ಮಧ್ಯ ಅಮೆರಿಕದ ಮಾಯಾ ಜನರ ಒಂದು ಪಾತ್ರೆ, ಕ್ರಿ.ಶ. 670ರಿಂದ 750ರ ನಡುವಿನದು, ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಒಬ್ಬ ಹೆಂಗಸು ನಿಂತು ಎತ್ತರದಿಂದ ಇನ್ನೊಂದು ಪಾತ್ರೆಗೆ ಚಾಕೊಲೇಟ್ ಸುರಿಯುತ್ತಿದ್ದಾಳೆ, ನೊರೆಗಾಗಿ. ಡಬರಾ ಲೋಟ ಇರುವ ಮನೆಯವರಿಗೆ ಆ ಕೈ ಹೊಸದಲ್ಲ. ಎಂಟು ಹತ್ತು ಸಲ ಎತ್ತಿ ಸುರಿಯಿರಿ, ನೊರೆ ಕೂರುವ ಮೊದಲು ಎದುರಿಗಿರುವವರ ಕೈಗೆ ಕೊಡಿ.